ಮ್ಯಾಪಿನ ಮೇಲೆ ವೃತ್ತ ಎಳೆದರೆ ವೈಫೈ ಬಾರದು: ದಾವಣಗೆರೆಯ ಒಂದು ಚದರ ಕಿಲೋಮೀಟರಿನ ಲೆಕ್ಕ

ಬಡಾವಣೆಗೊಂದು ವೈಫೈ ಜಾಲ ಹಾಕೋಣ ಎಂಬ ಮಾತು ಬಂದಾಗ ಮೊದಲು ತೆರೆಯುವುದು ಗೂಗಲ್ ಮ್ಯಾಪ್. ಅದರ ಮೇಲೆ ಕೈವಾರ ಹಿಡಿದವರಂತೆ ನೂರು ನೂರು ಮೀಟರಿನ ವೃತ್ತ ಎಳೆದು, ಎಣಿಸಿ, ಬಂದ ಸಂಖ್ಯೆಯನ್ನು ವೈಫೈ ಹರಡುವ ಪೆಟ್ಟಿಗೆಯ, ಅಂದರೆ ಆಕ್ಸೆಸ್ ಪಾಯಿಂಟಿನ ಬೆಲೆಯಿಂದ ಗುಣಿಸಿದರೆ ಯೋಜನಾ ವರದಿ ಸಿದ್ಧ. ಈ ಗುಣಾಕಾರದ ಎರಡು ಅಂಕಿಗಳೂ ತಪ್ಪು. ಎಷ್ಟು ಪೆಟ್ಟಿಗೆ ಬೇಕು ಎಂಬುದನ್ನು ತೀರ್ಮಾನಿಸುವುದು ನೆಲದ ವಿಸ್ತಾರವಲ್ಲ. ರಾತ್ರಿ ಒಂಬತ್ತು ಗಂಟೆಗೆ ಜನ ಎಲ್ಲಿ ಕೂತಿರುತ್ತಾರೆ, ಎಷ್ಟು ಡೇಟಾ ಎಳೆಯುತ್ತಾರೆ ಎಂಬುದು. ಖರ್ಚನ್ನು ತೀರ್ಮಾನಿಸುವುದೂ ಪೆಟ್ಟಿಗೆಯ ಬೆಲೆಯಲ್ಲ, ಅದರ ಸುತ್ತ ಜೋತುಬೀಳುವ ಕಂಬ, ಕರೆಂಟು, ಬ್ಯಾಟರಿ, ಫೈಬರ್ ಮತ್ತು ಏಣಿ ಹತ್ತುವ ಹುಡುಗನ ಕೂಲಿ.

ಈ ಲೆಕ್ಕ ಈಗ ಮುಖ್ಯವಾಗಲು ಕಾರಣವಿದೆ. 2020ರ ಡಿಸೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಪಿಎಂ-ವಾಣಿ ಯೋಜನೆಯಲ್ಲಿ ಕಿರಾಣಿ ಅಂಗಡಿಯವರೂ ಪರವಾನಗಿಯಿಲ್ಲದೆ ‘ಪಬ್ಲಿಕ್ ಡೇಟಾ ಆಫೀಸ್’ ತೆರೆದು ವೈಫೈ ಮಾರಬಹುದು. ಅದಕ್ಕೆ ಬಹುಕಾಲ ಅಡ್ಡಿಯಾಗಿದ್ದದ್ದು ಅಂಗಡಿಗೆ ಬರುವ ಇಂಟರ್ನೆಟ್ ಸಂಪರ್ಕದ ದರ. ಇಂಥ ಅಂಗಡಿಗಳಿಗೆ 200 ಎಂಬಿಪಿಎಸ್‌ವರೆಗಿನ ಮನೆ ಫೈಬರ್ ಪ್ಲಾನುಗಳನ್ನು ಚಿಲ್ಲರೆ ದರದ ಎರಡು ಪಟ್ಟು ಮೀರದಂತೆ ಕೊಡಬೇಕೆಂದು ದೂರಸಂಪರ್ಕ ನಿಯಂತ್ರಕ ಟ್ರಾಯ್ 2025ರ ಜೂನ್‌ನಲ್ಲಿ ಆದೇಶಿಸಿತು. ವೈದ್ಯಕೀಯ, ಎಂಜಿನಿಯರಿಂಗ್ ಕಾಲೇಜುಗಳು, ಸಾಲು ಸಾಲು ಪಿಜಿಗಳು, ಎಪಿಎಂಸಿ ಯಾರ್ಡು, ಎರಡು ಹೊತ್ತೂ ತುಂಬಿರುವ ಬಸ್ ನಿಲ್ದಾಣ ಇರುವ ದಾವಣಗೆರೆಯಂಥ ಊರಿನಲ್ಲಿ ಈಗ ಇದು ನಡೆಯುವ ವ್ಯಾಪಾರ. ಆದರೆ ಪೆಟ್ಟಿಗೆಗಳನ್ನು ಬೇಕಾಬಿಟ್ಟಿ ಹಂಚಿದರೆ ಇದೇ ವ್ಯಾಪಾರ ಕೈ ಸುಡುತ್ತದೆ.

ಸಿಗ್ನಲ್ ತುಂಬಿದೆ, ಪುಟ ತೆರೆಯುತ್ತಿಲ್ಲ

ವೈಫೈ ಓಡುವ 2.4 ಗಿಗಾಹರ್ಟ್ಸ್‌ನಲ್ಲೂ 5.8ರ ಪಟ್ಟಿಯಲ್ಲೂ ಆಂಟೆನಾದ ಬಲ ಸೇರಿ ಹೊರಬೀಳುವ ಶಕ್ತಿಗೆ ನಮ್ಮಲ್ಲಿ ಮಿತಿ 36 ಡಿಬಿಎಂ, ಅಂದರೆ 4 ವಾಟ್. ಮಾರುವವರು ಈ ಅಂಕಿ ತೋರಿಸಿ ‘300 ಮೀಟರ್ ಹೋಗುತ್ತದೆ ಸಾರ್’ ಎನ್ನುತ್ತಾರೆ. ಹೋಗುತ್ತದೆ, ನಿಜ, ವಾಪಸ್ ಬರುವುದಿಲ್ಲ. ಪೆಟ್ಟಿಗೆಯ ರೇಡಿಯೋ 28 ಡಿಬಿಎಂ ಕಳಿಸಿ 8 ಡಿಬಿಐ ಬಲದ ಆಂಟೆನಾದಿಂದ 36 ಮುಟ್ಟಿದೆ ಎನ್ನಿ. ಜೇಬಿನ ಫೋನು ಕಳಿಸುವುದು ಸುಮಾರು 15 ಡಿಬಿಎಂ. ಆಂಟೆನಾದ ಬಲ ಹೋಗುವಾಗಲೂ ಬರುವಾಗಲೂ ಒಂದೇ. ಉಳಿಯುವ ವ್ಯತ್ಯಾಸ 13 ಡಿಬಿ, ಅಂದರೆ ಇಪ್ಪತ್ತು ಪಟ್ಟು. ಫೋನಿಗೆ ಪೆಟ್ಟಿಗೆಯ ಕೂಗು ಕೇಳುತ್ತದೆ, ಪೆಟ್ಟಿಗೆಗೆ ಫೋನಿನ ಪಿಸುಮಾತು ಕೇಳುವುದಿಲ್ಲ. ಗೆರೆಗಳೆಲ್ಲ ತುಂಬಿದ್ದರೂ ಪುಟ ತೆರೆಯದಿರುವುದು ಇದಕ್ಕೇ. ಪೆಟ್ಟಿಗೆಯ ಶಕ್ತಿಯನ್ನು 17-18 ಡಿಬಿಎಂಗೆ ಇಳಿಸಿದರೆ ದೂರದ ಫೋನು ಸುಳ್ಳು ಆಸೆಯಿಂದ ಅಂಟಿಕೊಳ್ಳುವುದು ನಿಲ್ಲುತ್ತದೆ.

ಹಾಗೆ ಇಳಿಸಿದ ಮೇಲೆ, ಕಟ್ಟಡ-ಮರಗಳ ನಡುವಿನ ರಸ್ತೆಯಲ್ಲಿ ನೆಚ್ಚಿಕೊಳ್ಳಬಹುದಾದ ದೂರ 2.4ರಲ್ಲಿ 75 ಮೀಟರ್ ಆಸುಪಾಸು, 5ರಲ್ಲಿ 50. ಪಿ.ಜೆ. ಬಡಾವಣೆಯಂಥ ಅಗಲ ರಸ್ತೆಗಳಲ್ಲಿ ಸ್ವಲ್ಪ ಹೆಚ್ಚು, ಮಂಡಿಪೇಟೆಯ ಇಕ್ಕಟ್ಟಿನಲ್ಲಿ ಕಡಿಮೆ. ಒಂಬತ್ತು ಇಂಚಿನ ಇಟ್ಟಿಗೆ ಗೋಡೆ 5 ಗಿಗಾಹರ್ಟ್ಸ್‌ನಲ್ಲಿ ಹತ್ತು ಡಿಬಿ (ಅಂದರೆ ಶಕ್ತಿ ಹತ್ತನೇ ಒಂದಕ್ಕೆ ಇಳಿಯುವಷ್ಟು) ತಿನ್ನುತ್ತದೆ, ಆರ್‌ಸಿಸಿ ಚಾವಣಿ ಅದರ ಎರಡರಷ್ಟು. ಬೀದಿಯ ಪೆಟ್ಟಿಗೆ ರಸ್ತೆ ಕಡೆಯ ಕೋಣೆಗೆ ತಲುಪಿದರೆ ದೊಡ್ಡದು. ನಡುಮನೆಗೆ ತಲುಪೀತು ಎಂದು ಯಾರಿಗೂ ಮಾತು ಕೊಡಬೇಡಿ.

ಪಕ್ಕಪಕ್ಕ ಜೋಡಿಸಿದಾಗ ಒಂದು ಪೆಟ್ಟಿಗೆಯ ಪಾಲಿಗೆ ಬರುವ ಷಟ್ಕೋನದ ವಿಸ್ತಾರ, ತ್ರಿಜ್ಯದ ವರ್ಗದ 2.6 ಪಟ್ಟು. 100 ಮೀಟರ್ ಹಿಡಿದರೆ ಚದರ ಕಿಲೋಮೀಟರಿಗೆ 39 ಪೆಟ್ಟಿಗೆ, 75 ಹಿಡಿದರೆ 68, 50 ಹಿಡಿದರೆ 154. ತ್ರಿಜ್ಯದ ಊಹೆ ಅರ್ಧ ತಪ್ಪಿದರೆ ಬಜೆಟ್ ನಾಲ್ಕು ಪಟ್ಟು ತಪ್ಪುತ್ತದೆ. ವರದಿಯಲ್ಲಿ ಮೊದಲು ಪ್ರಶ್ನಿಸಬೇಕಾದ ಅಂಕಿ ಇದೇ.

ದಟ್ಟಣೆಯ ಗಂಟೆ

ಇನ್ನು ಬೇಡಿಕೆ. ತಿಂಗಳ ಬಳಕೆಯನ್ನು ದಟ್ಟಣೆಯ ಗಂಟೆಯ ವೇಗಕ್ಕೆ ಇಳಿಸಲು ಸರಳ ದಾರಿಯಿದೆ. ತಿಂಗಳಿಗೆ 20 ಜಿಬಿ ಬಳಸುವ ಮೊಬೈಲ್ ಗ್ರಾಹಕ ದಿನಕ್ಕೆ 0.67 ಜಿಬಿ ಎಳೆಯುತ್ತಾನೆ. ದಿನದ ಹತ್ತನೇ ಒಂದು ಪಾಲು ರಾತ್ರಿ ಒಂಬತ್ತರಿಂದ ಹತ್ತರ ನಡುವೆ ಎಂದು ಹಿಡಿಯಿರಿ. ಎಂಟರಿಂದ ಗುಣಿಸಿ ಬಿಟ್ ಮಾಡಿ, 3,600 ಸೆಕೆಂಡಿಗೆ ಹಂಚಿದರೆ ತಲೆಗೆ ಸರಾಸರಿ 148 ಕೆಬಿಪಿಎಸ್. ಎಷ್ಟೊಂದು ಕಡಿಮೆ ಎನಿಸುತ್ತದೆ. ಆದರೆ ಲ್ಯಾಪ್‌ಟಾಪ್ ಇಟ್ಟುಕೊಂಡು ತಿಂಗಳಿಗೆ 100 ಜಿಬಿ ಎಳೆಯುವ ಹಾಸ್ಟೆಲ್ ವಿದ್ಯಾರ್ಥಿಯದು 740 ಕೆಬಿಪಿಎಸ್. 250 ಜಿಬಿ ಬಳಸುವ ಒಂದು ಮನೆಯದು 1.85 ಎಂಬಿಪಿಎಸ್.

ನಮ್ಮ ಮಾದರಿ ಚದರ ಕಿಲೋಮೀಟರಿನಲ್ಲಿ 1,200 ಗ್ರಾಹಕರು, ಅವರಲ್ಲಿ 200 ಮಂದಿ ಹಾಸ್ಟೆಲ್ಲಿನವರು ಎಂದಿಟ್ಟುಕೊಳ್ಳೋಣ. ಸಾವಿರ ಜನ ಸೇರಿ 148 ಎಂಬಿಪಿಎಸ್, ಆ ಇನ್ನೂರು ಜನರೇ ಇನ್ನೊಂದು 148. ಒಟ್ಟು ಸುಮಾರು 300. ಒಂದೂವರೆ ಪಟ್ಟು ಅಂಚು ಬಿಟ್ಟರೆ 450. ಡಬ್ಬದ ಮೇಲೆ 1,800 ಎಂದು ಬರೆದ ವೈಫೈ 6 ಪೆಟ್ಟಿಗೆ, ಹಳೇ-ಹೊಸ ಫೋನುಗಳ ಕಲಬೆರಕೆಯಲ್ಲಿ ನಿಜಕ್ಕೂ ಸಾಗಿಸುವುದು ನೂರರ ಆಸುಪಾಸು. ಅಂದರೆ ಸಾಮರ್ಥ್ಯಕ್ಕೆ ಬೇಕಾದದ್ದು ಐದಾರು ಪೆಟ್ಟಿಗೆ. ನೆಲ ಮುಚ್ಚಲು ಬೇಕಾದದ್ದು 68!

ಈ ಎರಡು ಅಂಕಿಗಳ ನಡುವಿನ ಅಂತರದಲ್ಲಿಯೇ ಯೋಜನೆಯೆಂಬ ಕೆಲಸ ಇರುವುದು. ಖಾಲಿ ನಿವೇಶನ, ಗೋದಾಮಿನ ಹಿಂಬದಿ, ರಾತ್ರಿ ಯಾರೂ ನಿಲ್ಲದ ಅಡ್ಡರಸ್ತೆಗಳನ್ನು ಧೈರ್ಯವಾಗಿ ಬಿಟ್ಟುಬಿಡಿ. ಪಿಜಿ ಇರುವ ಗಲ್ಲಿಗಳು, ಕಾಲೇಜಿನ ಗೇಟು, ಗ್ರಂಥಾಲಯ, ಆಸ್ಪತ್ರೆಯ ಎದುರಿನ ಚಹಾದಂಗಡಿ ಸಾಲು, ಆಟೋ ನಿಲ್ದಾಣ, ಇಂಥವನ್ನು ರಾತ್ರಿ ಎಂಟರಿಂದ ಹತ್ತರವರೆಗೆ ನಡೆದು ಗುರುತಿಸಿದರೆ 20-25 ಜಾಗಗಳಲ್ಲಿ ಮುಗಿಯುತ್ತದೆ. ಸರ್ವೆಯನ್ನು ಹಗಲು ಹನ್ನೊಂದಕ್ಕೆ ಮಾಡಿದರೆ ಬೇರೆಯೇ ಊರು ಕಾಣುತ್ತದೆ. ನಾವಿಲ್ಲಿ 22 ಎಂದು ಹಿಡಿಯೋಣ.

ಹೆಚ್ಚು ಹಾಕಿದರೆ ಹೆಚ್ಚು ಕೆಡುತ್ತದೆ

‘ಸ್ಲೋ ಇದೆಯಾ? ಇನ್ನೆರಡು ಹಾಕಿ’ ಎಂಬುದು ಸಾಮಾನ್ಯ ಪರಿಹಾರ, ಬಹುತೇಕ ಕೆಟ್ಟ ಪರಿಹಾರ. 2.4ರಲ್ಲಿ ಒಂದನ್ನೊಂದು ತುಳಿಯದ ಚಾನೆಲ್ಲುಗಳು ಮೂರೇ: 1, 6, 11. ಒಂದೇ ಚಾನೆಲ್ಲಿನಲ್ಲಿರುವ ಪೆಟ್ಟಿಗೆಗಳಿಗೆ ಪರಸ್ಪರ ದನಿ ಕೇಳಿಸಿದರೆ ಒಂದು ಮಾತಾಡುವಾಗ ಉಳಿದವು ಬಾಯಿ ಮುಚ್ಚಿಕೊಂಡಿರಬೇಕು. ಹಂಚಿಕೆಯಾಗುವುದು ಗಾಳಿಯ ಸಮಯ; ಪೆಟ್ಟಿಗೆ ಎರಡಾದರೂ ಸಮಯ ಎರಡಾಗದು.

ಇದರ ಮೇಲೆ ಬೀಕನ್ನುಗಳ ಹೊರೆ. ಪ್ರತಿ ಪೆಟ್ಟಿಗೆಯೂ ತನ್ನ ಪ್ರತಿ ನೆಟ್‌ವರ್ಕ್ ಹೆಸರಿಗೆ 102.4 ಮಿಲಿಸೆಕೆಂಡಿಗೊಮ್ಮೆ ‘ನಾನಿದ್ದೇನೆ’ ಎನ್ನುತ್ತದೆ. 300 ಬೈಟಿನ ಆ ಸಾರಿಕೆ 1 ಎಂಬಿಪಿಎಸ್ ದರದಲ್ಲಿ ಹೋದರೆ 2.6 ಮಿಲಿಸೆಕೆಂಡ್. ‘ಸ್ಟಾಫ್’, ‘ಗೆಸ್ಟ್’, ‘ಫ್ರೀ’, ‘ಪ್ರೀಮಿಯಂ’ ಎಂದು ನಾಲ್ಕು ಹೆಸರು, ಕೇಳಿಸುವ ದೂರದಲ್ಲಿ ಅದೇ ಚಾನೆಲ್ಲಿನ ಐದು ಪೆಟ್ಟಿಗೆ: ಇಪ್ಪತ್ತು ಬೀಕನ್ನಿಗೆ 52 ಮಿಲಿಸೆಕೆಂಡ್. ಯಾರೂ ಒಂದು ಪುಟ ತೆರೆಯುವ ಮೊದಲೇ ಅರ್ಧ ಗಾಳಿ ಖರ್ಚಾಯಿತು. ಹೆಸರು ಒಂದೇ ಇರಲಿ, ಹೆಚ್ಚೆಂದರೆ ಎರಡು. ಹಳೆಯ 1, 2, 5.5, 11ರ ದರಗಳನ್ನು ಮುಚ್ಚಿ ಕನಿಷ್ಠ ದರವನ್ನು 12ಕ್ಕೆ ಏರಿಸಿ. ಈ ಒಂದು ಸೆಟ್ಟಿಂಗಿಗೆ ಕಾಸು ಖರ್ಚಿಲ್ಲ, ಎರಡು ಹೊಸ ಪೆಟ್ಟಿಗೆಗಿಂತ ಹೆಚ್ಚು ಲಾಭ.

ಕನಿಷ್ಠ ದರ ಏರಿಸುವುದರಿಂದ ದೂರದ ದುರ್ಬಲ ಫೋನುಗಳು ಕಳಚಿಕೊಳ್ಳುತ್ತವೆ, ಅದು ಒಳ್ಳೆಯದೇ. 6 ಎಂಬಿಪಿಎಸ್‌ನಲ್ಲಿ ತೆವಳುವ ಒಂದು ಫೋನು 1 ಎಂಬಿಪಿಎಸ್ ವಿಡಿಯೊ ನೋಡಿದರೆ ಗಾಳಿಯ ಆರನೇ ಒಂದು ಪಾಲನ್ನೇ ನುಂಗುತ್ತದೆ. ಹತ್ತಿರ ನಿಂತು 65ರಲ್ಲಿರುವ ಫೋನು ಅದೇ ವಿಡಿಯೊಗೆ ಅರವತ್ತೈದನೇ ಒಂದು ಪಾಲು ಸಾಕು ಎನ್ನುತ್ತದೆ. ಮೂಲೆಯಲ್ಲಿ ನಿಂತ ನಾಲ್ವರು ಪೆಟ್ಟಿಗೆಯ ಬುಡದಲ್ಲಿರುವ ನಲವತ್ತು ಜನರನ್ನು ಕಟ್ಟಿಹಾಕುವುದು ಹೀಗೆ.

ಎತ್ತರದ ವಿಷಯದಲ್ಲೂ ‘ಮೇಲೆ ಇದ್ದಷ್ಟೂ ಒಳ್ಳೆಯದು’ ಎಂಬ ನಂಬಿಕೆ ಇದೆ. ಬೀದಿಯ ವೈಫೈಗೆ ನಾಲ್ಕೈದು ಮೀಟರ್ ಸಾಕು. ಸುತ್ತಲೂ ಹರಡುವ 8 ಡಿಬಿಐ ಆಂಟೆನಾದ ಕಿರಣ ಮೇಲೆ-ಕೆಳಗೆ ತೆಳ್ಳಗಿರುತ್ತದೆ. ನಾಲ್ಕನೇ ಮಹಡಿಯ ತಾರಸಿಗೇರಿಸಿದರೆ ಕೆಳಗೆ ನಿಂತವನ ತಲೆಯ ಮೇಲೆ ಹಾದುಹೋಗಿ, ಮೂರು ಬೀದಿಯಾಚೆಯ ಗಲಾಟೆಯನ್ನೆಲ್ಲ ಕೇಳಿಸಿಕೊಳ್ಳುತ್ತದೆ. 5ರಲ್ಲಿ ಚಾನೆಲ್ ಅಗಲ 40 ಮೆಗಾಹರ್ಟ್ಸ್ ಇರಲಿ, 80ರ ಆಸೆ ಬೇಡ, 2.4ರಲ್ಲಿ 20 ಮಾತ್ರ.

ಮೂಗಿಗಿಂತ ಮೂಗುತಿ ಭಾರ

ಈಗ ಹಣದ ಲೆಕ್ಕ. ಕೆಳಗಿನ ದರಗಳು ಲೆಕ್ಕ ತೋರಿಸಲು ಹಿಡಿದವು. ನಿಮಗೆ ಬಂದ ಕೊಟೇಷನ್ ಹಾಕಿ ಬದಲಿಸಿಕೊಳ್ಳಿ. ಹೊರಾಂಗಣ ಪೆಟ್ಟಿಗೆ 15,000 ರೂಪಾಯಿ. ಅದನ್ನು ಕಟ್ಟುವ ಕ್ಲ್ಯಾಂಪು, ಮಳೆ ತಡೆಯುವ ಬಾಕ್ಸು, ನೆಟ್‌ವರ್ಕ್ ಕೇಬಲ್ಲಿನಲ್ಲೇ ಕರೆಂಟು ಕಳಿಸುವ ಪಿಒಇ, ಸರ್ಜ್ ತಡೆ, ಹೊರಾಂಗಣದ ಕೇಬಲ್ ಸೇರಿ 9,000. ಬ್ಯಾಟರಿ ಬ್ಯಾಕಪ್ 8,000. ಫೈಬರ್ ಎಳೆತ ಮತ್ತು ಅದರ ತುದಿಗೆ ಕೂರಿಸುವ ಒಎನ್‌ಯು ಸಾಧನ 4,000, ಅರ್ಥಿಂಗ್ 3,000, ಕೂಲಿ 4,000. ಒಂದು ಜಾಗ ಶುರುವಾಗಲು 43,000. ತಿಂಗಳಿಗೆ ಕರೆಂಟು 150, ಕಂಬ ಅಥವಾ ತಾರಸಿ ಬಾಡಿಗೆ 500, ಇಂಟರ್ನೆಟ್ಟಿನ ಪಾಲು 600, ದುರಸ್ತಿ 350, ಒಟ್ಟು 1,600. ಐದು ವರ್ಷಕ್ಕೆ 96,000. ನಡುವೆ ಒಮ್ಮೆ ಬ್ಯಾಟರಿ ಬದಲು, 8,000. ಎಲ್ಲ ಸೇರಿ 1,47,000. ಇದರಲ್ಲಿ ಪೆಟ್ಟಿಗೆಯ ಬೆಲೆ ಹತ್ತನೇ ಒಂದು ಪಾಲು. 15 ಸಾವಿರದ ಬದಲು 11 ಸಾವಿರದ್ದು ಸಿಕ್ಕಿತೆಂದು ಚೌಕಾಸಿಯಲ್ಲೇ ವಾರ ಕಳೆಯುವವರು ಉಳಿಸುವುದು ಒಟ್ಟು ಖರ್ಚಿನಲ್ಲಿ ಶೇ 3ಕ್ಕಿಂತ ಕಡಿಮೆ. ಬೇಡದ ಒಂದು ಜಾಗ ಕೈಬಿಟ್ಟರೆ ಉಳಿಯುವುದು ಹತ್ತಿರ ಹತ್ತಿರ ಒಂದೂವರೆ ಲಕ್ಷ.

68 ಜಾಗದ ಜಾಲಕ್ಕೆ ಐದು ವರ್ಷದಲ್ಲಿ ಹತ್ತಿರ ಹತ್ತಿರ ಒಂದು ಕೋಟಿ. 1,200 ಗ್ರಾಹಕರಿಗೆ ಹಂಚಿದರೆ ತಲೆಗೆ ತಿಂಗಳಿಗೆ 139 ರೂಪಾಯಿ. 22 ಜಾಗಕ್ಕೆ 32 ಲಕ್ಷ, ತಲೆಗೆ 45. ಮೊಬೈಲ್ ರೀಚಾರ್ಜ್ ಹೇಗೂ ಮಾಡಿಸುವವರಿಂದ ಇನ್ನೊಂದು 139 ಕೀಳುವುದು ಕಷ್ಟ, 45 ಕೇಳಬಹುದು. ಪುಕ್ಕಟೆ ಕೊಡುವ ಪಾಲಿಕೆಯಾದರೂ ಈ 139-45ರ ವ್ಯತ್ಯಾಸವನ್ನು ತೆರಿಗೆ ಹಣದಿಂದಲೇ ತುಂಬಬೇಕು.

ಹಗಲು ಸಾಯುವ ಬೀದಿದೀಪದ ಕಂಬ

ಕಂಬ ಯಾರದು ಎಂಬುದು ಮೊದಲೇ ಬಗೆಹರಿಯಲಿ. ವಿದ್ಯುತ್ ಕಂಬ ಬೆಸ್ಕಾಂನದು, ದೀಪದ ವ್ಯವಸ್ಥೆ ಪಾಲಿಕೆಯದು. ಕೇಬಲ್ ಟಿವಿಯವರು ಕಟ್ಟಿದ್ದಾರಲ್ಲ ಎಂದು ನಾವೂ ಕಟ್ಟಿದರೆ ಒಂದು ದಿನ ಕತ್ತರಿಸಿಕೊಂಡು ಹೋಗುತ್ತಾರೆ. ಕೇಂದ್ರದ ಟೆಲಿಗ್ರಾಫ್ ರೈಟ್ ಆಫ್ ವೇ ನಿಯಮಗಳಿಗೆ ಬಂದ 2022ರ ಆಗಸ್ಟ್‌ನ ತಿದ್ದುಪಡಿ ಬೀದಿ ಕಂಬಗಳ ಮೇಲೆ ಸ್ಮಾಲ್ ಸೆಲ್ (ಮೊಬೈಲ್ ಜಾಲದ ಚಿಕ್ಕ ಆಂಟೆನಾ ಘಟಕ) ಕೂರಿಸಲು ನಗರದಲ್ಲಿ ಕಂಬಕ್ಕೆ ವರ್ಷಕ್ಕೆ 300 ರೂಪಾಯಿ, ಹಳ್ಳಿಯಲ್ಲಿ 150 ಎಂದು ನಿಗದಿ ಮಾಡಿತ್ತು. ಅದು ಪರವಾನಗಿ ಪಡೆದ ಟೆಲಿಕಾಂ ಕಂಪನಿಗಳಿಗೆ. ಪಿಎಂ-ವಾಣಿ ಅಂಗಡಿಯವರು ಆ ದರ ತೋರಿಸಿ ಕಂಬ ಕೇಳಲಾಗದು. ಚಿಕ್ಕ ಜಾಲಕ್ಕೆ ಖಾಸಗಿ ತಾರಸಿಯೇ ಸುಲಭ, ಮನೆ ಮಾಲೀಕರಿಗೆ ಬಾಡಿಗೆಯ ಬದಲು ಒಂದು ಉಚಿತ ಸಂಪರ್ಕ ಕೊಟ್ಟರೆ ಇನ್ನೂ ಸುಲಭ.

ಬೀದಿದೀಪದ ಕಂಬವೇ ಸಿಕ್ಕಿತು ಎನ್ನಿ. ಅಲ್ಲಿ ಹಲವರು ಮರೆಯುವ ಸಂಗತಿ: ದೀಪದ ಲೈನಿಗೆ ಕರೆಂಟು ಬರುವುದು ಸಂಜೆ ಟೈಮರ್ ಬಿದ್ದ ಮೇಲೆ. ಪೆಟ್ಟಿಗೆ ಮತ್ತು ಒಎನ್‌ಯು ಸೇರಿ 23 ವಾಟ್ ಎಂದರೆ ಹಗಲಿನ 12 ಗಂಟೆಗೆ 276 ವಾಟ್-ಅವರ್ ಬ್ಯಾಟರಿಯಿಂದಲೇ ಬರಬೇಕು. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯನ್ನು ಶೇ 80 ಮಾತ್ರ ಖಾಲಿ ಮಾಡಿ, ಪರಿವರ್ತನೆಯಲ್ಲಿ ಶೇ 10 ಹೋದರೆ, 12.8 ವೋಲ್ಟಿನ 30 ಆಂಪಿಯರ್-ಅವರ್. ಹಳೇ ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಹೆಚ್ಚು ಖಾಲಿ ಮಾಡುವಂತಿಲ್ಲ. ದಿನಾ ಹೀಗೆ ದುಡಿಸಿದರೆ ನಮ್ಮ ಏಪ್ರಿಲ್ ಬಿಸಿಲಿನ ಕಬ್ಬಿಣದ ಡಬ್ಬದೊಳಗೆ ಅದು ಎರಡು ಬೇಸಿಗೆ ಕಾಣುವುದೂ ಅನುಮಾನ.

ಕೇಬಲ್ಲಿನಲ್ಲಿ ಉಳಿಸಲು ಹೋಗಬೇಡಿ. ಒಳಾಂಗಣದ ನೆಟ್‌ವರ್ಕ್ ಕೇಬಲ್ಲಿನ ಹೊದಿಕೆ ಬಿಸಿಲಿಗೆ ಒಂದೆರಡು ವರ್ಷದಲ್ಲಿ ಬಿರಿಯುತ್ತದೆ, ಮಳೆನೀರು ತಂತಿಗುಂಟ ಇಳಿದು ನೇರ ಸ್ವಿಚ್ಚಿಗೆ ಬರುತ್ತದೆ. ತಾಮ್ರ ಲೇಪಿಸಿದ ಅಲ್ಯೂಮಿನಿಯಂ ಕೇಬಲ್ ಇನ್ನೊಂದು ಪೀಡೆ: 70-80 ಮೀಟರ್ ದಾಟಿದರೆ ಪಿಒಇ ವೋಲ್ಟೇಜ್ ಕುಸಿದು ಪೆಟ್ಟಿಗೆ ರಾತ್ರಿ ಹೊರೆ ಹೆಚ್ಚಿದಾಗ ಮಾತ್ರ ತಾನಾಗಿ ರೀಸ್ಟಾರ್ಟ್ ಆಗುತ್ತಿರುತ್ತದೆ, ಹಗಲು ಪರೀಕ್ಷಿಸಿದರೆ ಎಲ್ಲ ಸರಿ.

ಚಿತ್ರದುರ್ಗದ ಕಡೆ: ಬೆಟ್ಟ, ತೋಟ, ಫ್ಯಾನು

ದುರ್ಗದ ಕಡೆಯ ಹಳ್ಳಿಗಳಲ್ಲಿ ಪ್ರಶ್ನೆಯೇ ಬೇರೆ. ಅಲ್ಲಿ ಮನೆ-ಮನೆಗೆ ಡಿಷ್ ಕೂರಿಸಿ, ಪಂಚಾಯಿತಿಗೆ ಬಂದ ಕೇಂದ್ರದ ಭಾರತ್‌ನೆಟ್ ಯೋಜನೆಯ ಫೈಬರಿನಿಂದ 5.8 ಗಿಗಾಹರ್ಟ್ಸ್‌ನಲ್ಲಿ ಹಂಚುವ ಯೋಚನೆ. ಮನೆಗಳು ಒತ್ತೊತ್ತಾಗಿರುವ ಊರಿನೊಳಗೆ ಇದು ಬೇಡವೇ ಬೇಡ, ಫೈಬರನ್ನೇ ಎಳೆಯಿರಿ. ವೈರ್‌ಲೆಸ್ ಗೆಲ್ಲುವುದು ಚದುರಿದ ತೋಟದ ಮನೆಗಳಿಗೆ.

ಮನೆಗಳಿಗೆ ಇಂಟರ್ನೆಟ್ ಮಾರಲು ಐಎಸ್‌ಪಿ (ಇಂಟರ್ನೆಟ್ ಸೇವಾದಾರ) ಪರವಾನಗಿ ಬೇಕು, ಇಲ್ಲವೇ ಅದಿರುವವರ ಫ್ರಾಂಚೈಸಿಯಾಗಬೇಕು. ತಾಂತ್ರಿಕ ಲೆಕ್ಕ ಹೀಗೆ: 5.8ರಲ್ಲಿ ಒಂದು ಕಿಲೋಮೀಟರಿಗೆ ಬಯಲಿನಲ್ಲೇ 107.7 ಡಿಬಿ ನಷ್ಟ, ದೂರ ಇಮ್ಮಡಿಯಾದಾಗಲೆಲ್ಲ ಇನ್ನು 6. 36 ಡಿಬಿಎಂ ಕಳಿಸಿ 23 ಡಿಬಿಐ ಡಿಷ್‌ನಲ್ಲಿ ಹಿಡಿದರೆ 3 ಕಿಲೋಮೀಟರಿನಲ್ಲಿ -58 ಡಿಬಿಎಂ, ಒಳ್ಳೆಯ ಅಂಕಿ. ಆದರೆ ಹೊಳಲ್ಕೆರೆ, ಚನ್ನಗಿರಿ ಕಡೆ ನಡುವೆ ಅಡಿಕೆ ತೋಟ ಬರುತ್ತದೆ. ಒಂದೆರಡು ಸಾಲು ಗರಿ ಅಡ್ಡ ಬಂದರೂ ಹತ್ತಿಪ್ಪತ್ತು ಡಿಬಿ ಹೋಯಿತು, ಮಳೆಯಲ್ಲಿ ನೆಂದಾಗ ಇನ್ನೂ ಹೆಚ್ಚು. ಕಿರಣಕ್ಕೆ ಮರದ ತುದಿ ತಾಗದಿದ್ದರೆ ಸಾಲದು, ಸುತ್ತ ಖಾಲಿ ಜಾಗವೂ ಬೇಕು: 3 ಕಿಲೋಮೀಟರಿನ ಲಿಂಕಿಗೆ ನಡುಮಧ್ಯದಲ್ಲಿ 3.7 ಮೀಟರ್, 5 ಕಿಲೋಮೀಟರಿಗೆ 4.8. ಹದಿನೈದು ಮೀಟರಿನ ತೋಟದ ಮೇಲೆ ಕಿರಣ ಸುಮಾರು 20 ಮೀಟರಿನಲ್ಲಿ ಹಾಯಬೇಕು. ಎಳೆ ತೋಟ ವರ್ಷ ವರ್ಷ ಏಳುತ್ತಲೇ ಇರುತ್ತದೆ. ಈ ವರ್ಷ ಸರಿಯಿದ್ದ ಲಿಂಕು ಮೂರನೇ ಮಳೆಗಾಲಕ್ಕೆ ಕೈಕೊಟ್ಟರೆ ರೇಡಿಯೋ ಬದಲಿಸಿ ಪ್ರಯೋಜನವಿಲ್ಲ.

ಎತ್ತರಕ್ಕೆ ದುಡ್ಡು ಬೇಕು. ಒಂಬತ್ತು ಮೀಟರಿನ ಜಿಐ ಕಂಬ ಕೆಲವು ಸಾವಿರಗಳಲ್ಲಿ ಮುಗಿದರೆ, 24 ಮೀಟರಿನ ಜಾಲರಿ ಮಾಸ್ಟ್ ಅಡಿಪಾಯ, ಗೈ ತಂತಿ ಸೇರಿ ಒಂದೂವರೆ ಲಕ್ಷ ಎಂದು ಹಿಡಿಯಿರಿ. ನಾಲ್ಕು ದಿಕ್ಕಿಗೆ ನಾಲ್ಕು ಸೆಕ್ಟರ್ (ಒಂದು ದಿಕ್ಕಿಗೆ ಹರಡುವ ರೇಡಿಯೋ-ಆಂಟೆನಾ) 1.2 ಲಕ್ಷ, ಬ್ಯಾಕಪ್, ಸ್ವಿಚ್, ಅರ್ಥಿಂಗ್ 80,000. ಮೂರೂವರೆ ಲಕ್ಷದ ಈ ಬುಡವನ್ನು 160 ಮನೆ ಹೊತ್ತರೆ ಮನೆಗೆ 2,190. ನಲವತ್ತೇ ಮನೆ ಬಂದರೆ 8,750. ಮನೆಯ ಡಿಷ್, ಕಂಬ, ಕೂಲಿಯ 8,500 ಇದಕ್ಕೆ ಸೇರಿಸಿ. ಆದ್ದರಿಂದ ಮೊದಲ ದಿನವೇ ನಾಲ್ಕೂ ಸೆಕ್ಟರ್ ಬೇಡ. ಮುಂಗಡ ಕೊಟ್ಟವರು ಯಾವ ದಿಕ್ಕಿನಲ್ಲಿ ಹೆಚ್ಚಿದ್ದಾರೋ ಆ ಕಡೆ ಎರಡು ಸಾಕು. 20 ಮೆಗಾಹರ್ಟ್ಸ್ ಸೆಕ್ಟರ್ ನಿಜಕ್ಕೂ ಕೊಡುವುದು 80 ಎಂಬಿಪಿಎಸ್ ಎಂದರೆ, ಮನೆಗೆ 1.85ರಂತೆ 40 ಮನೆಗೇ 74. ಅಲ್ಲಿಗೆ ಭರ್ತಿ. ಸಿಗ್ನಲ್ -68ಕ್ಕಿಂತ ಕೆಳಗಿರುವ ಮನೆಗೆ ಸಂಪರ್ಕ ಕೊಡದಿರುವ ನಿಷ್ಠುರತೆ ಬೇಕು. ಪರಿಚಯದವರೆಂದು -75ರಲ್ಲಿ ಕೂರಿಸಿದರೆ ಇಡೀ ಸೆಕ್ಟರ್ ಅವರ ವೇಗಕ್ಕೆ ಕುಗ್ಗುತ್ತದೆ.

ಮಾಸ್ಟ್ ಯಾಕೆ, ಬೆಟ್ಟವೇ ಇದೆಯಲ್ಲ ಎನ್ನಬಹುದು. ಚಿತ್ರದುರ್ಗದ ಕೋಟೆ ಪುರಾತತ್ವ ಸರ್ವೇಕ್ಷಣೆಯ ರಕ್ಷಣೆಯಲ್ಲಿದೆ. ಸ್ಮಾರಕದಿಂದ 100 ಮೀಟರಿನೊಳಗೆ ನಿರ್ಮಾಣ ನಿಷಿದ್ಧ, ಆಮೇಲಿನ 200 ಮೀಟರಿಗೆ ಅನುಮತಿ ಬೇಕು. ಜೋಗಿಮಟ್ಟಿ ಅರಣ್ಯ ಇಲಾಖೆಯದು. ಅನುಮತಿ ಸಿಕ್ಕುವ ಬೇರೆ ಗುಡ್ಡವಾದರೂ ಅದನ್ನು ಊರಿಂದೂರಿಗೆ ಬೆನ್ನೆಲುಬಿನ ಲಿಂಕಿಗೆ ಮಾತ್ರ ಬಳಸಿ. ಗುಡ್ಡದ ಮೇಲಿನ ಸೆಕ್ಟರಿಗೆ ಊರಿನ ವೈಫೈಗಳೆಲ್ಲ ಕಾಣುತ್ತವೆ. ಹಿನ್ನೆಲೆ ಗದ್ದಲ -95ರಿಂದ -80ಕ್ಕೆ ಏರಿದರೆ 15 ಡಿಬಿ ನಷ್ಟ, ಎತ್ತರದಿಂದ ಗಳಿಸಿದ್ದು ಹೋಯಿತು. ಗುಡ್ಡಸಾಲಿನ ಗಾಳಿಫ್ಯಾನುಗಳ ರೆಕ್ಕೆ ಕಿರಣವನ್ನು ಅಡ್ಡ ಕಡಿಯುವ ದಾರಿಯನ್ನೂ ತಪ್ಪಿಸಿ. ಅಲ್ಲಿನ ಗಾಳಿಗೆ 60 ಸೆಂಟಿಮೀಟರ್ ಡಿಷ್ ಎರಡು ಮೂರು ಡಿಗ್ರಿ ತಿರುಗಿದರೆ ಸಾಕು, ಲಿಂಕು ಸೊರಗುತ್ತದೆ; ಅದರ ಕಿರಣವೇ ಆರು ಡಿಗ್ರಿ ಅಗಲ.

ಮುಂಗಾರಿಗೆ ಮುಂಚಿನ ಗುಡುಗು ಮಳೆ ಉಪಕರಣ ಸುಡುವ ಕಾಲ. ಕಲ್ಲು ನೆಲದಲ್ಲಿ ಒಂದೇ ರಾಡು ಹೊಡೆದು ಅರ್ಥಿಂಗಿನ ರೋಧವನ್ನು 5 ಓಮ್‌ಗೆ ತರುವುದು ಆಗದ ಮಾತು. ಮೂರ್ನಾಲ್ಕು ರಾಡು, ಜಿಐ ಪಟ್ಟಿ, ತೇವ ಹಿಡಿದಿಡುವ ಬೆಂಟೊನೈಟ್ ಜೇಡಿ ಬೇಕು. ಅದಕ್ಕಿಂತ ಮುಖ್ಯ, ಮಾಸ್ಟ್, ಡಬ್ಬ, ಸರ್ಜ್ ತಡೆ, ಕರೆಂಟಿನ ಅರ್ಥ್ ಎಲ್ಲವನ್ನೂ ಒಂದೇ ಪಟ್ಟಿಗೆ ಜೋಡಿಸುವುದು. ಎರಡು ಬೇರೆ ಗುಂಡಿಗೆ ಎರಡು ಅರ್ಥ್ ಕೊಟ್ಟರೆ ಸಿಡಿಲಿನ ಹೊತ್ತಿನಲ್ಲಿ ಅವುಗಳ ನಡುವಿನ ವೋಲ್ಟೇಜ್ ನೆಟ್‌ವರ್ಕ್ ಪೋರ್ಟಿನ ಮೂಲಕವೇ ಹರಿಯುತ್ತದೆ. ಪಂಚಾಯಿತಿ ಕಚೇರಿಯಲ್ಲಿ ಕೂರಿಸುವುದಾದರೆ ಮೇನ್ ಸ್ವಿಚ್ಚಿಗೆ ಮುಂಚೆಯೇ ಪ್ರತ್ಯೇಕ ಲೈನ್ ತೆಗೆಸಿ; ಸಂಜೆ ಬೀಗ ಹಾಕುವವರು ಸ್ವಿಚ್ ಇಳಿಸಿ ಹೋದರೆ ದಟ್ಟಣೆಯ ಗಂಟೆಗೇ ಊರಿನ ಜಾಲ ಮಲಗುತ್ತದೆ.

ಮುಂದಿನ ಪೆಟ್ಟಿಗೆ ಯಾವಾಗ?

ಜಾಲ ನಡೆಯತೊಡಗಿದ ಮೇಲೆ ಹೊಸ ಪೆಟ್ಟಿಗೆಯ ತೀರ್ಮಾನ ದೂರಿನ ಮೇಲೆ ಆಗಬಾರದು, ಅಳತೆಯ ಮೇಲೆ ಆಗಲಿ. ಒಂದು ವಾರ ರಾತ್ರಿ ದಟ್ಟಣೆಯಲ್ಲಿ ಚಾನೆಲ್ ಬಳಕೆ ಶೇ 60 ದಾಟಿ, ಅದರಲ್ಲಿ ಹೆಚ್ಚಿನ ಪಾಲು ನಿಮ್ಮದೇ ಗ್ರಾಹಕರದ್ದಾಗಿದ್ದರೆ ಹೊಸದು ಬೇಕು. ಬಳಕೆ ಹೆಚ್ಚಿದ್ದೂ ನಿಮ್ಮ ಗ್ರಾಹಕರು ಕಡಿಮೆಯಿದ್ದರೆ ಅದು ನೆರೆಯವರ ಗದ್ದಲ, ಚಾನೆಲ್ ಬದಲಿಸಿ. ತಲುಪದ ಡೇಟಾವನ್ನು ಮತ್ತೆ ಕಳಿಸುವ ಮರುಪ್ರಸಾರ ಶೇ 20 ಮೀರಿದ್ದರೆ ಮೊದಲು ತೆವಳುವ ಫೋನುಗಳನ್ನು ನೋಡಿ, ಶಕ್ತಿ ಇಳಿಸಿ, ಕನಿಷ್ಠ ದರ ಏರಿಸಿ.

ಗುತ್ತಿಗೆ ಕೊಡುವವರು ಟೆಂಡರಿನಲ್ಲಿ ‘ಇಷ್ಟು ಪೆಟ್ಟಿಗೆ, ಇಷ್ಟು ಕವರೇಜ್’ ಎಂದು ಬರೆದರೆ ಅಷ್ಟೇ ಸಿಗುತ್ತದೆ: ಪೆಟ್ಟಿಗೆಗಳು, ಲೆಕ್ಕಕ್ಕುಂಟು ಆಟಕ್ಕಿಲ್ಲ ಎನ್ನುವಂತೆ. ಬದಲಿಗೆ ಗುರುತಿಸಿದ 22 ಜಾಗಗಳಲ್ಲಿ, ರಾತ್ರಿ ಒಂಬತ್ತಕ್ಕೆ, ಕಡಿಮೆ ಬೆಲೆಯ ಫೋನನ್ನು ಎದೆಮಟ್ಟ ಹಿಡಿದು ಅಳೆದಾಗ ಅಪ್‌ಲೋಡ್ 2 ಎಂಬಿಪಿಎಸ್‌ಗೆ ಕಡಿಮೆಯಾಗಬಾರದು ಎಂದು ಬರೆಯಿರಿ. ಬಿಲ್ಲಿನ ಶೇ 30 ತಡೆಹಿಡಿದು, ಆ ಅಳತೆ ಒಂದು ಮಳೆಗಾಲ ದಾಟಿದ ಮೇಲೆ ಬಿಡುಗಡೆ ಮಾಡಿ. ಡೌನ್‌ಲೋಡ್ ತೋರಿಸಿ ಸಹಿ ಹಾಕಿಸಿಕೊಳ್ಳಲು ಬಂದವರಿಗೆ ಅಪ್‌ಲೋಡ್ ಅಂಕಿ ಕೇಳಿ.